ಎಂಜಿನ್ ಮೌಂಟಿಗೆ ಎಷ್ಟು ಕೋನ?

ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವಾಗ ಮೊದಲು ತೀರ್ಮಾನವಾಗಬೇಕಾದದ್ದು ಮೌಂಟಿನ ಕೋನ.

ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ 750 ಆರ್‌ಪಿಎಂನಲ್ಲಿ ಸುಮ್ಮನೆ ನಿಂತಿದ್ದರೂ ಸೆಕೆಂಡಿಗೆ 25 ಸಲ ಒದೆಯುತ್ತದೆ. ಆ ಒದೆತವನ್ನು ಚಾಸಿಗೆ ದಾಟಿಸದೆ ನುಂಗುವುದು ಮೌಂಟಿನ ರಬ್ಬರ್. ರಬ್ಬರ್ ಅದುಮಿದರೆ ಗಟ್ಟಿ, ಪಕ್ಕಕ್ಕೆ ಜಾರಿಸಿದರೆ ಮೆದು. ಎರಡೂ ಗುಣ ಬೇಕಾದ್ದರಿಂದಲೇ ಎಡಬಲದ ಮೌಂಟುಗಳನ್ನು ಒಳಮುಖವಾಗಿ ಓರೆಯಾಗಿಸುತ್ತಾರೆ. ರಬ್ಬರಿನ ಒತ್ತುರೇಖೆಗಳು ಎಂಜಿನ್ ಹೊರಳುವ ಅಕ್ಷದ ಹತ್ತಿರ ಕೂಡಬೇಕು. ಆಗ ಭಾರಕ್ಕೆ ಬಿಗಿ, ಹೊರಳಾಟಕ್ಕೆ ಸಡಿಲ. 45 ಡಿಗ್ರಿ ರೂಢಿಯ ಅಂಕಿ, ಆದರೆ ಕಣ್ಣುಮುಚ್ಚಿ ನಕಲು ಮಾಡುವುದು ತಪ್ಪು. ಮೌಂಟು ಅಕ್ಷಕ್ಕಿಂತ ಬಹಳ ಕೆಳಗಿದ್ದರೆ ಓರೆ ಕಡಿಮೆಯಾಗಬೇಕು.

ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಂಥ ಏರಿನಲ್ಲೇ ಮೌಂಟಿನ ನಿಜವಾದ ಪರೀಕ್ಷೆ. ಗೇರ್‌ಬಾಕ್ಸ್ ಎಂಜಿನ್ನಿಗೇ ಬಿಗಿದಿರುವುದರಿಂದ, ಮೊದಲ ಗೇರಿನ ಅನುಪಾತ 4 ಆದರೆ ಮೌಂಟುಗಳ ಮೇಲೆ ಬೀಳುವ ತಿರುಚುಬಲವೂ ಎಂಜಿನ್ ಟಾರ್ಕಿನ ಸುಮಾರು 4 ಪಟ್ಟು.

ಇನ್ನೊಂದು ಕೋನ ಉದ್ದಕ್ಕೆ. ಎಂಜಿನ್ ಸಾಮಾನ್ಯವಾಗಿ 3–4 ಡಿಗ್ರಿ ಹಿಂದಕ್ಕೆ ಇಳಿದಿರುತ್ತದೆ. ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ಮತ್ತು ಹಿಂದಿನ ಆಕ್ಸಲಿನ ಪಿನಿಯನ್ ಸಮಾನಾಂತರವಾಗಿರದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ನಡುಗುತ್ತದೆ. ಇಳಿಜಾರು ಅತಿಯಾದರೆ ಕಡಿದಾದ ಏರಿನಲ್ಲಿ ಆಯಿಲ್ ಸಂಪಿನ ಹಿಂದಕ್ಕೆ ಸರಿದು, ಪಂಪಿಗೆ ಸಿಗದೆ ಹೋಗಬಹುದು.

ಬ್ರಾಕೆಟ್ ಬೆಸುಗೆಗೂ ಮುನ್ನ ಆರ್‌ಟಿಒ ಅನುಮತಿ ಪಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನು ಕೇಳುತ್ತದೆ.