ಆಲ್‌ಮನ್ ಸೋದರರು ಮತ್ತು ದಕ್ಷಿಣದ ರಾಕ್

ಅಮೆರಿಕದ ಜನಪ್ರಿಯ ಸಂಗೀತದಲ್ಲಿ ‘ಸದರ್ನ್ ರಾಕ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಈ ಹೆಸರು ಕೇಳಿದೊಡನೆ ಹಲವರ ಕಣ್ಣ ಮುಂದೆ ಬರುವುದು ಉದ್ದಗೂದಲಿನ ಬಿಳಿಯ ಯುವಕರು, ಅವರ ಕೈಯಲ್ಲಿ ಗಿಟಾರು, ಬೆನ್ನ ಹಿಂದೆ ಕಾನ್ಫೆಡರೇಟ್ ಬಾವುಟ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು 1861ರಿಂದ 1865ರವರೆಗೆ ಅಂತರ್ಯುದ್ಧ ಹೋರಾಡಿ ಸೋತ ದಕ್ಷಿಣ ರಾಜ್ಯಗಳ ಬಾವುಟ ಅದು. ಆದರೆ ಈ ಪ್ರಕಾರಕ್ಕೆ ಬುನಾದಿ ಹಾಕಿದ ತಂಡದ ಕಥೆ ಈ ಚಿತ್ರಕ್ಕೆ ಹೊಂದುವುದಿಲ್ಲ. ‘ದಿ ಆಲ್‌ಮನ್ ಬ್ರದರ್ಸ್ ಬ್ಯಾಂಡ್’ ಎಂಬ ಆ ತಂಡ ಎರಡೂವರೆ ವರ್ಷಗಳಲ್ಲಿ ಮೇಲೇರಿದ ಬಗೆಯನ್ನು ನೋಡಿದರೆ, ದಕ್ಷಿಣದ ರಾಕ್ ಮೂಲತಃ ಯಾರ ಸಂಗೀತ ಎಂಬ ಪ್ರಶ್ನೆಗೆ ಬೇರೆಯೇ ಉತ್ತರ ಸಿಗುತ್ತದೆ.

ಡುವೇನ್ ಆಲ್‌ಮನ್ ಹುಟ್ಟಿದ್ದು 1946ರಲ್ಲಿ, ತಮ್ಮ ಗ್ರೆಗ್ 1947ರಲ್ಲಿ. ಇಬ್ಬರೂ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನವರು. ಸೈನಿಕನಾಗಿದ್ದ ತಂದೆ 1949ರಲ್ಲಿ ಕೊಲೆಯಾದಾಗ ಮಕ್ಕಳಿನ್ನೂ ಹಸುಗೂಸುಗಳು. ತಾಯಿಯೇ ದುಡಿದು ಸಾಕಿದಳು. ಮುಂದೆ ಕುಟುಂಬ ಫ್ಲಾರಿಡಾದ ಡೇಟೋನಾ ಬೀಚಿಗೆ ಬಂದು ನೆಲೆಸಿತು. ಹದಿಹರೆಯದಲ್ಲೇ ಗಿಟಾರು ಹಿಡಿದ ಸೋದರರು ಒಂದೆರಡು ತಂಡ ಕಟ್ಟಿ, ಲಾಸ್ ಏಂಜಲೀಸಿಗೂ ಹೋದರು. ಅಲ್ಲಿನ ಧ್ವನಿಮುದ್ರಣ ಕಂಪೆನಿ ಇವರಿಂದ ಬಯಸಿದ್ದು ಸಿದ್ಧಮಾದರಿಯ ಪಾಪ್ ಹಾಡುಗಳನ್ನು. ಅದರಲ್ಲಿ ಉಸಿರುಗಟ್ಟಿದ ಡುವೇನ್ 1968ರಲ್ಲಿ ದಕ್ಷಿಣಕ್ಕೇ ಹಿಂತಿರುಗಿದ.

ಅವನಿಗೆ ಕೆಲಸ ಸಿಕ್ಕಿದ್ದು ಅಲಬಾಮಾದ ಮಸಲ್ ಶೋಲ್ಸ್ ಎಂಬ ಪುಟ್ಟ ಊರಿನ ‘ಫೇಮ್’ ಸ್ಟುಡಿಯೋದಲ್ಲಿ. ಕಪ್ಪು ಗಾಯಕರ ಸೋಲ್ ಹಾಡುಗಳಿಗೆ ಹೆಸರಾದ ಈ ಸ್ಟುಡಿಯೋದಲ್ಲಿ ಪಕ್ಕವಾದ್ಯದವರು ಬಹುತೇಕ ಬಿಳಿಯರು. ಗಾಯಕ ವಿಲ್ಸನ್ ಪಿಕೆಟ್‌ಗಾಗಿ ಬೀಟಲ್ಸ್ ತಂಡದ ‘ಹೇ ಜೂಡ್’ ಹಾಡಿನ ಮುದ್ರಣದಲ್ಲಿ ಡುವೇನ್ ನುಡಿಸಿದ ಗಿಟಾರು ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ ಕಿವಿಗೂ ಬಿತ್ತು. 1970ರಲ್ಲಿ ಕ್ಲಾಪ್ಟನ್‌ನ ಪ್ರಸಿದ್ಧ ‘ಲೈಲಾ’ ಧ್ವನಿಮುದ್ರಿಕೆಯಲ್ಲಿ ಡುವೇನ್ ಜೊತೆಗೂಡಿದ್ದಕ್ಕೆ ಹಿನ್ನೆಲೆ ಇದೇ.

ಸ್ಟುಡಿಯೋದ ನಾಲ್ಕು ಗೋಡೆಗಳ ಒಳಗೆ ಕಪ್ಪು ಬಿಳುಪು ಬೆರೆಯುವುದು ಒಂದು ಮಾತು, ವೇದಿಕೆಯ ಮೇಲೆ ಒಂದೇ ತಂಡವಾಗಿ ನಿಲ್ಲುವುದು ಇನ್ನೊಂದು. ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು 1968ರ ಏಪ್ರಿಲ್‌ನಲ್ಲಿ. ಅದಾಗಿ ವರ್ಷ ತುಂಬುವ ಮೊದಲೇ, 1969ರ ಮಾರ್ಚ್‌ನಲ್ಲಿ, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಡುವೇನ್ ತನ್ನ ಹೊಸ ತಂಡವನ್ನು ಕಟ್ಟಿದ. ಅದಕ್ಕೆ ಅವನು ಮೊದಲು ಆರಿಸಿಕೊಂಡದ್ದು ಜೇಮೋ ಎಂದು ಹೆಸರಾದ ಕಪ್ಪು ಡ್ರಮ್ ವಾದಕನನ್ನು. ಮಿಸಿಸಿಪಿಯಲ್ಲಿ ಬೆಳೆದ ಜೇಮೋ ಅದಾಗಲೇ ಓಟಿಸ್ ರೆಡ್ಡಿಂಗ್‌ನಂಥ ದೊಡ್ಡ ಗಾಯಕರ ಜೊತೆ ಊರೂರು ತಿರುಗಿದ್ದವನು. ಬುಚ್ ಟ್ರಕ್ಸ್ ಎರಡನೆಯ ಡ್ರಮ್ ವಾದಕ, ಡಿಕಿ ಬೆಟ್ಸ್ ಎರಡನೆಯ ಗಿಟಾರ್ ವಾದಕ, ಬೆರಿ ಓಕ್ಲಿ ಬಾಸ್ ಗಿಟಾರಿಗೆ, ತಮ್ಮ ಗ್ರೆಗ್ ಹಾಡುಗಾರಿಕೆ ಮತ್ತು ಆರ್ಗನ್‌ಗೆ: ಹೀಗೆ ಆರು ಜನರಾದರು.

ತಂಡ ನೆಲೆಯೂರಿದ್ದು ಜಾರ್ಜಿಯಾದ ಮೇಕನ್ ಪಟ್ಟಣದಲ್ಲಿ. ಲಿಟ್ಲ್ ರಿಚರ್ಡ್ ಹುಟ್ಟಿದ, ಓಟಿಸ್ ರೆಡ್ಡಿಂಗ್ ಬೆಳೆದ ಊರದು. ರೆಡ್ಡಿಂಗ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಫಿಲ್ ವಾಲ್ಡನ್, 1967ರ ಡಿಸೆಂಬರ್‌ನಲ್ಲಿ ಆ ಗಾಯಕ ವಿಮಾನ ದುರಂತದಲ್ಲಿ ತೀರಿಕೊಂಡ ಮೇಲೆ, ‘ಕ್ಯಾಪ್ರಿಕಾರ್ನ್’ ಎಂಬ ಧ್ವನಿಮುದ್ರಣ ಸಂಸ್ಥೆ ಕಟ್ಟಿ ಈ ತಂಡದ ಬೆನ್ನಿಗೆ ನಿಂತ. ಮೊದಮೊದಲು ಕೈಯಲ್ಲಿ ಕಾಸಿಲ್ಲ. ಆಗ ಹೊಟ್ಟೆಗೆ ಹಾಕಿದವಳು ‘ಎಚ್ ಅಂಡ್ ಎಚ್’ ಎಂಬ ಊಟದ ಹೋಟೆಲು ನಡೆಸುತ್ತಿದ್ದ ಲೂಯಿಸ್ ಹಡ್ಸನ್ ಎಂಬ ಕಪ್ಪು ಮಹಿಳೆ. ಒಂದೆರಡು ತಟ್ಟೆ ಊಟ ಕೊಂಡು ಹಂಚಿಕೊಳ್ಳಲು ಹೊರಟ ಹುಡುಗರಿಗೆ ಆಕೆ ತಲೆಗೊಂದು ತಟ್ಟೆ ಬಡಿಸಿದ ಸಂಗತಿ ಮೇಕನ್ನಿನಲ್ಲಿ ಮನೆಮಾತು. ‘ಮಾಮಾ ಲೂಯಿಸ್’ ಎಂದೇ ಆಕೆ ಪ್ರಸಿದ್ಧಳಾದಳು.

ಈ ತಂಡದ ಸಂಗೀತದಲ್ಲಿ ಹೊಸದೇನಿತ್ತು? ಮೊದಲನೆಯದು ಡುವೇನ್‌ನ ಸ್ಲೈಡ್ ಗಿಟಾರು. ಅವನು ಎಡಗೈ ಬೆರಳಿಗೆ ಔಷಧದ ಗಾಜಿನ ಸೀಸೆಯೊಂದನ್ನು ತೊಡಿಸಿ, ಅದನ್ನು ತಂತಿಗಳ ಮೇಲೆ ಜಾರಿಸುತ್ತಿದ್ದ. ಶೀತದಿಂದ ನರಳುತ್ತಿದ್ದ ಅಣ್ಣನಿಗೆ ಹುಟ್ಟುಹಬ್ಬದ ದಿನ ಮಾತ್ರೆಯ ಸೀಸೆ ಮತ್ತು ಒಂದು ಧ್ವನಿಮುದ್ರಿಕೆಯನ್ನು ತಂದುಕೊಟ್ಟವನು ತಾನೇ ಎಂದು ಗ್ರೆಗ್ ಹೇಳುತ್ತಿದ್ದ. ನಮ್ಮ ಗೋಟುವಾದ್ಯವನ್ನು ಕೇಳಿದವರಿಗೆ ಈ ನಾದದ ಗುಟ್ಟು ಸುಲಭವಾಗಿ ತಿಳಿಯುತ್ತದೆ. ಮೆಟ್ಟಿಲುಗಳ ಹಂಗಿಲ್ಲದೆ ಸ್ವರದಿಂದ ಸ್ವರಕ್ಕೆ ಜಾರುವುದರಿಂದ ವಾದ್ಯ ಕಂಠದಂತೆ ಹಾಡುತ್ತದೆ. ಈ ಸಾಮ್ಯ ಕೇವಲ ಕಿವಿಯ ಭ್ರಮೆಯಲ್ಲ. 1999ರಲ್ಲಿ ಈ ತಂಡವನ್ನು ಸೇರಿದ, ಬುಚ್ ಟ್ರಕ್ಸ್‌ನ ಸಂಬಂಧಿ ಡೆರೆಕ್ ಟ್ರಕ್ಸ್ ತನ್ನ ಸ್ಲೈಡ್ ವಾದನದ ಮೇಲೆ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಬೀರಿದ ಪ್ರಭಾವವನ್ನು ಮುಕ್ತವಾಗಿ ಹೇಳಿಕೊಂಡಿದ್ದಾನೆ.

ಎರಡನೆಯದು ಎರಡು ಗಿಟಾರುಗಳ ಸಂವಾದ. ಸಾಮಾನ್ಯ ರಾಕ್ ತಂಡದಲ್ಲಿ ಒಬ್ಬ ಮುಖ್ಯ ವಾದಕ, ಇನ್ನೊಬ್ಬ ಅವನಿಗೆ ಒತ್ತಾಸೆ. ಇಲ್ಲಿ ಡುವೇನ್ ಮತ್ತು ಬೆಟ್ಸ್ ಸರಿಸಮಾನರು. ಇಬ್ಬರೂ ಒಂದೇ ರಾಗವನ್ನು ಬೇರೆಬೇರೆ ಸ್ಥಾಯಿಯಿಂದ ಹಿಡಿದು ಜೊತೆಯಾಗಿ ಸಾಗುತ್ತಿದ್ದರು, ಮತ್ತೆ ಬೇರೆಯಾಗಿ ಸರದಿಯ ಮೇಲೆ ವಿಸ್ತರಿಸುತ್ತಿದ್ದರು. ಜೇಮೋ ಪರಿಚಯಿಸಿದ ಜಾನ್ ಕೋಲ್ಟ್ರೇನ್, ಮೈಲ್ಸ್ ಡೇವಿಸ್ ಮೊದಲಾದ ಜಾಜ್ ದಿಗ್ಗಜರಿಂದ ಕಲಿತ ಪಾಠವಿದು: ಸ್ವರಗಳ ಒಂದು ಚೌಕಟ್ಟು ಹಿಡಿದು, ಅದರೊಳಗೆ ಮನೋಧರ್ಮಕ್ಕೆ ತಕ್ಕಂತೆ ಬೆಳೆಸುತ್ತ ಹೋಗುವುದು. ‘ವಿಪ್ಪಿಂಗ್ ಪೋಸ್ಟ್’ ಹಾಡಿನ ಆರಂಭ ಹನ್ನೊಂದು ಎಣಿಕೆಯ ಲಯದಲ್ಲಿದೆ. ಬರೆದ ಗ್ರೆಗ್‌ಗೆ ಅದು ಗೊತ್ತೇ ಇರಲಿಲ್ಲವಂತೆ. ಅವನ ಲೆಕ್ಕದಲ್ಲಿ ಮೂರು ಸಲ ಮೂರು, ಕೊನೆಗೊಂದು ಎರಡು, ಅಷ್ಟೆ. ತಾಳದ ಲೆಕ್ಕ ಬಲ್ಲ ನಮ್ಮ ಕೇಳುಗರಿಗೆ ಇದು ವಿಚಿತ್ರವೆನಿಸಲಾರದು, ಆದರೆ ಅಂದಿನ ರಾಕ್ ಸಂಗೀತದಲ್ಲಿ ಅಪರೂಪ.

ಇಷ್ಟಿದ್ದರೂ 1969ರ ಮೊದಲ ಧ್ವನಿಮುದ್ರಿಕೆ ಮಾರಾಟವಾಗಲಿಲ್ಲ. 1970ರಲ್ಲಿ ಬಂದ ಎರಡನೆಯದೂ ದೊಡ್ಡ ಯಶಸ್ಸು ಕಾಣಲಿಲ್ಲ. ನ್ಯೂಯಾರ್ಕಿಗೋ ಲಾಸ್ ಏಂಜಲೀಸಿಗೋ ಹೋಗಿ ನೆಲೆಸಿದರೆ ಮಾತ್ರ ಏಳಿಗೆ ಎಂದು ಕಂಪೆನಿಯವರು ಒತ್ತಾಯಿಸಿದರು. ತಂಡ ಮೇಕನ್ ಬಿಡಲಿಲ್ಲ, ಬದಲಿಗೆ ರಸ್ತೆ ಹಿಡಿಯಿತು. ಒಂದು ವ್ಯಾನಿನಲ್ಲಿ ತುಂಬಿಕೊಂಡು ವರ್ಷದ ಬಹುಪಾಲು ದಿನ ಕಛೇರಿ. ಬಿಡುವಿದ್ದಾಗ ಅಟ್ಲಾಂಟಾದ ಪೀಡ್‌ಮಾಂಟ್ ಪಾರ್ಕಿನಲ್ಲಿ ಪುಕ್ಕಟೆ ಕಛೇರಿ. ಹೆಸರು ಹಬ್ಬಿದ್ದು ರೇಡಿಯೋದಿಂದಲ್ಲ, ಬಾಯಿಂದ ಬಾಯಿಗೆ.

ತಮ್ಮ ಶಕ್ತಿ ಇರುವುದು ವೇದಿಕೆಯ ಮೇಲೆ ಎಂದು ಅರಿತ ತಂಡ, 1971ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ರಂಗಮಂದಿರದ ಕಛೇರಿಗಳನ್ನೇ ಮುದ್ರಿಸಿಕೊಂಡಿತು. ಜುಲೈಯಲ್ಲಿ ಅದು ಜೋಡಿ ತಟ್ಟೆಗಳಾಗಿ ಹೊರಬಂತು. ಇರುವುದು ಏಳೇ ರಚನೆ. ‘ವಿಪ್ಪಿಂಗ್ ಪೋಸ್ಟ್’ ಒಂದೇ ಇಪ್ಪತ್ತಮೂರು ನಿಮಿಷ, ಒಂದು ಮಗ್ಗುಲು ಪೂರ್ತಿ. ಇಂಥದ್ದನ್ನು ಕೊಳ್ಳುವವರಾರು ಎಂಬ ಅನುಮಾನ ಸುಳ್ಳಾಯಿತು. ಅಕ್ಟೋಬರ್ ಹೊತ್ತಿಗೆ ಮಾರಾಟ ‘ಗೋಲ್ಡ್’ ಮಾನ್ಯತೆಯ ಮಟ್ಟ ಮುಟ್ಟಿತು. 2004ರಲ್ಲಿ ಅಮೆರಿಕದ ಸಂಸತ್ ಗ್ರಂಥಾಲಯ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಇದನ್ನು ಸೇರಿಸಿಕೊಂಡಿತು.

ಆ ಧ್ವನಿಮುದ್ರಿಕೆಯ ಮೊದಲ ಹಾಡು ‘ಸ್ಟೇಟ್ಸ್‌ಬರೋ ಬ್ಲೂಸ್’. ಸ್ಟೇಟ್ಸ್‌ಬರೋ ಜಾರ್ಜಿಯಾದ ಒಂದು ಊರು. ಹಾಡು ಅದೇ ರಾಜ್ಯದ ಅಂಧ ಕಪ್ಪು ಗಾಯಕ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್‌ನದು, ಅವನು ಅದನ್ನು ಮುದ್ರಿಸಿದ್ದು 1928ರಲ್ಲಿ. ನಲವತ್ತು ವರ್ಷಗಳ ನಂತರ ‘ತಾಜ್ ಮಹಲ್’ ಎಂಬ ವೇದಿಕೆ ಹೆಸರಿನ ಕಪ್ಪು ಗಾಯಕ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ ಅದನ್ನು ಹಾಡಿದ. ಸೀಸೆಯ ಜೊತೆ ಗ್ರೆಗ್ ಅಣ್ಣನಿಗೆ ಕೊಟ್ಟದ್ದು ಆ ಧ್ವನಿಮುದ್ರಿಕೆಯನ್ನೇ. ಮೆಕ್‌ಟೆಲ್ ಇದಾವುದನ್ನೂ ಕೇಳಲಿಲ್ಲ. 1959ರಲ್ಲಿ, ಮೇಕನ್‌ಗೆ ಹತ್ತಿರದ ಮಿಲೆಡ್ಜ್‌ವಿಲ್‌ನಲ್ಲಿ, ಹೊರಗಿನ ಜಗತ್ತು ಹೆಚ್ಚೇನೂ ಗಮನಿಸದಂತೆ ಅವನು ತೀರಿಕೊಂಡಿದ್ದ.

ಏಳಿಗೆಯ ಬೆನ್ನಿಗೇ ಸಾವು ಬಂತು. 1971ರ ಅಕ್ಟೋಬರ್ 29ರಂದು ಮೇಕನ್‌ನಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಡುವೇನ್ ಸತ್ತ. ಅವನಿಗಿನ್ನೂ ಇಪ್ಪತ್ತನಾಲ್ಕು. ಮರುವರ್ಷ ನವೆಂಬರ್‌ನಲ್ಲಿ, ಆ ಜಾಗಕ್ಕೆ ಸಮೀಪದಲ್ಲೇ, ಬೆರಿ ಓಕ್ಲಿಯೂ ಅದೇ ರೀತಿ ಸತ್ತ. ಅವನ ವಯಸ್ಸೂ ಅಷ್ಟೇ. ಓಕ್ಲಿಯ ಜಾಗಕ್ಕೆ ಬಂದವನು ಜೇಮೋನ ಹಳೆಯ ಗೆಳೆಯ, ಕಪ್ಪು ವಾದಕ ಲಮಾರ್ ವಿಲಿಯಮ್ಸ್. 1973ರಲ್ಲಿ ತಂಡದ ಜನಪ್ರಿಯತೆ ತುತ್ತತುದಿಗೇರಿತು. ವಾಟ್ಕಿನ್ಸ್ ಗ್ಲೆನ್‌ನಲ್ಲಿ ಬೇರೆ ಎರಡು ತಂಡಗಳೊಡನೆ ನಡೆಸಿದ ಕಛೇರಿಗೆ ಸುಮಾರು ಆರು ಲಕ್ಷ ಜನ ಸೇರಿದ್ದರು. ಜಾರ್ಜಿಯಾದ ಮಾಜಿ ಗವರ್ನರ್ ಜಿಮ್ಮಿ ಕಾರ್ಟರ್ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಚುನಾವಣಾ ನಿಧಿಗಾಗಿ ತಂಡ 1975ರಲ್ಲಿ ಕಛೇರಿ ನೀಡಿತು.

ಇವರು ತೆರೆದ ದಾರಿಯಲ್ಲಿ ಹಲವರು ಬಂದರು. ಅವರಲ್ಲಿ ಪ್ರಮುಖವಾದ, 1973ರಲ್ಲಿ ಮೊದಲ ಧ್ವನಿಮುದ್ರಿಕೆ ತಂದ ಜಾಕ್ಸನ್‌ವಿಲ್‌ನ ‘ಲಿನರ್ಡ್ ಸ್ಕಿನರ್ಡ್’ ತಂಡದ ಹಿಂದೆ ಕಾನ್ಫೆಡರೇಟ್ ಬಾವುಟ ತೂಗಿತು. ಅದನ್ನು ಮೊದಲು ತೂಗಿಸಿದ್ದು ಪ್ರಚಾರಕ್ಕಾಗಿ, ಧ್ವನಿಮುದ್ರಣ ಕಂಪೆನಿಯ ಸಲಹೆಯಂತೆ. ಪ್ರಚಾರದ ವಸ್ತು ಕ್ರಮೇಣ ಗುರುತೇ ಆಯಿತು. 2012ರಲ್ಲಿ ಆ ಬಾವುಟವನ್ನು ಬಿಡುವ ಮಾತು ಬಂದಾಗ ಅಭಿಮಾನಿಗಳಿಂದಲೇ ಪ್ರತಿಭಟನೆ ಎದ್ದಿತು.

ಗ್ರೆಗ್ ಆಲ್‌ಮನ್‌ಗೆ ‘ಸದರ್ನ್ ರಾಕ್’ ಎಂಬ ಮಾತೇ ಹಿಡಿಸುತ್ತಿರಲಿಲ್ಲ. ರಾಕ್ ಹುಟ್ಟಿದ್ದೇ ದಕ್ಷಿಣದಲ್ಲಿ, ಅದಕ್ಕೆ ಮತ್ತೆ ‘ದಕ್ಷಿಣದ’ ಎಂದು ಸೇರಿಸುವುದು ಪುನರುಕ್ತಿ ಎಂಬುದು 2017ರಲ್ಲಿ ತೀರಿಕೊಂಡ ಆ ಗಾಯಕನ ವಾದ. ಆ ದಕ್ಷಿಣ ಎಂದರೆ ಮೆಕ್‌ಟೆಲ್‌ನ ದಕ್ಷಿಣವೂ ಹೌದು, ಜೇಮೋನ ದಕ್ಷಿಣವೂ ಹೌದು, ಲೂಯಿಸ್ ಹಡ್ಸನ್ ಬಡಿಸಿದ ತಟ್ಟೆಯ ದಕ್ಷಿಣವೂ ಹೌದು. ಬಾವುಟವೊಂದೇ ಈ ಸಂಗೀತದ ಗುರುತಾಗಿ ಉಳಿದರೆ ಮರೆಯಾಗುವುದು ಇವರೆಲ್ಲರ ಪಾಲು.