ಚಳಿಯ ಲೆಕ್ಕ ಇಡುವ ಮೊಗ್ಗು

ಎಲೆ ಉದುರಿಸಿ ಬರಿಗೊಂಬೆಯಾಗಿ ನಿಂತ ಹೂಚೆರ್ರಿಯನ್ನು ಕಂಡರೆ ಸವರಿಬಿಡೋಣ ಅನಿಸುತ್ತದೆ. ದಯವಿಟ್ಟು ಬೇಡ. ಬರುವ ವಸಂತದ ಹೂವೆಲ್ಲ ಆ ಕೊಂಬೆಗಳ ಮೇಲೆ ಆಗಲೇ ಕೂತಿದೆ. ಹಿಂದಿನ ಬೇಸಿಗೆಯಲ್ಲಿ ಮೂಡಿದ ಮೊಗ್ಗುಗಳು ಕಂದು ಹೊದಿಕೆಯೊಳಗೆ ಮುದುಡಿ ಮಲಗಿವೆ. ಕತ್ತರಿ ಆಡಿಸುವುದಿದ್ದರೆ ಹೂ ಉದುರಿದ ಬೆನ್ನಿಗೇ, ಅದೂ ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳಿಗೆ ಮಾತ್ರ.

ಮೊಗ್ಗಿನ ನಿದ್ದೆ ಹರಿಯಲು ಮೊದಲು ಚಳಿ ಬೇಕು. ಸೊನ್ನೆಯಿಂದ ಸುಮಾರು 7 ಡಿಗ್ರಿ ಸೆಲ್ಸಿಯಸ್‌ವರೆಗಿನ ತಂಪಿನಲ್ಲಿ ನೂರಾರು ಗಂಟೆ ಕಳೆದ ಮೇಲೆ, ಬೆಳವಣಿಗೆಯನ್ನು ತಡೆಹಿಡಿದಿದ್ದ ವಂಶವಾಹಿಗಳು ಸುಮ್ಮನಾಗುತ್ತವೆ. ಆಮೇಲೆ ಬಿಸಿಲೇರಿದಷ್ಟೂ ಹೂ ಬೇಗ. ನಡುಚಳಿಗಾಲದಲ್ಲಿ ನಾಲ್ಕು ದಿನ ಬೆಚ್ಚಗಾದ ಮಾತ್ರಕ್ಕೆ ಅರಳಿ ಹಿಮಕ್ಕೆ ಸುಟ್ಟುಹೋಗದಂತೆ ಮರ ಮಾಡಿಕೊಂಡ ಏರ್ಪಾಡು ಇದು. ಬೆಂಗಳೂರಿನ ಚಳಿ ಈ ಲೆಕ್ಕಕ್ಕೆ ಸಾಲದು. ಅಲ್ಲಿ ಜನ 'ಚೆರ್ರಿ ಬ್ಲಾಸಮ್' ಎನ್ನುವ ಗುಲಾಬಿ ಮರ ಟಬೆಬುಯಾ, ಅಮೆರಿಕದ ಉಷ್ಣವಲಯದ್ದು. ಚೆರ್ರಿಗೂ ಅದಕ್ಕೂ ನಂಟಿಲ್ಲ.

ಚಳಿನಾಡಿನಲ್ಲಿ ಅಂಗಳವಿರುವವರು ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಹುಡುಕಬೇಕು. ಜೌಗಿನಲ್ಲಿ ಇದರ ಬೇರು ಉಸಿರುಕಟ್ಟಿ ಬೇಗ ಕೊಳೆಯುತ್ತದೆ. ಜಪಾನಿನ ಜನಪ್ರಿಯ ಸೋಮೆಯ್ ಯೋಶಿನೊ ಮೂವತ್ತು ಅಡಿಗೂ ಮೀರಿ ಹರಡುತ್ತದೆ, ಗೋಡೆಗೆ ಒತ್ತಿ ನೆಡಬೇಡಿ. ಬೀಜದಿಂದ ಇದೇ ಮರ ಹುಟ್ಟದು. ತನ್ನ ಪರಾಗವನ್ನು ತಾನೇ ಒಪ್ಪದ್ದರಿಂದ ಬೀಜದಲ್ಲಿ ಬೇರೆ ಚೆರ್ರಿಯ ಬೆರಕೆ ಇದ್ದೇ ಇರುತ್ತದೆ. ಹಾಗಾಗಿ ಲೋಕದ ಸೋಮೆಯ್ ಯೋಶಿನೊಗಳೆಲ್ಲ ಕಸಿಯಿಂದ ಹಬ್ಬಿದ ಒಂದೇ ಜೀವ. ಒಂದು ಊರಿನ ಮರಗಳೆಲ್ಲ ಒಟ್ಟಿಗೇ ಅರಳುವುದು ಅದಕ್ಕೇ. ಕಸಿಗಂಟಿನ ಕೆಳಗೆ ಚಿಗುರು ಬಂದರೆ ಅದು ಬೇರುಗಿಡದ್ದು, ಚಿವುಟಿಬಿಡಿ.

ಕಸಿ ಒಂದು ತಳಿಯನ್ನೇ ಬದುಕಿಸಿದ ಪ್ರಸಂಗ ನನಗೆ ಬಲು ಪ್ರಿಯ. 1926ರಲ್ಲಿ ಇಂಗ್ಲೆಂಡಿನ ಕಾಲಿಂಗ್‌ವುಡ್ ಇಂಗ್ರಾಮ್ ಜಪಾನಿಗೆ ಹೋದಾಗ, ಚೆರ್ರಿ ತಜ್ಞ ಸೇಸಾಕು ಫುನಾತ್ಸು ದೊಡ್ಡ ಬಿಳಿ ಹೂವಿನ ಹಳೆಯ ಚಿತ್ರಸುರುಳಿಯೊಂದನ್ನು ಬಿಡಿಸಿ, ಈ ಮರ ಈಗ ಎಲ್ಲೂ ಉಳಿದಿಲ್ಲ ಎಂದು ಮರುಗಿದರು. ಇಂಗ್ರಾಮ್ ಅದನ್ನು ಕಂಡಕೂಡಲೇ ಗುರುತಿಸಿದರು. ಸಸೆಕ್ಸ್‌ನ ಮನೆಯೊಂದರ ತೋಟದಲ್ಲಿ ಸಾಯುತ್ತಿದ್ದ ಅದೇ ಚೆರ್ರಿಯ ಕುಡಿಗಳನ್ನು ಮೂರು ವರ್ಷ ಹಿಂದೆ ತಂದು ಅವರು ಕಸಿ ಮಾಡಿದ್ದರು. ಜಪಾನಿಗೆ ಕಳಿಸಿದ ಮೊದಮೊದಲ ಕುಡಿಗಳು ದಾರಿಯಲ್ಲೇ ಸತ್ತವು. ಕೊನೆಗೆ ಅವುಗಳ ಬುಡವನ್ನು ಆಲೂಗಡ್ಡೆಗೆ ಚುಚ್ಚಿ ಸೈಬೀರಿಯಾದ ರೈಲಿನಲ್ಲಿ ಕಳಿಸಿದರು. ಆ ಚಳಿಯ ದಾರಿಯಲ್ಲಿ ಮೊಗ್ಗುಗಳು ಮಲಗಿಯೇ ಇದ್ದವು. 1932ರಲ್ಲಿ 'ತೈಹಾಕು' ಎಂಬ ಆ ಚೆರ್ರಿ ತವರು ಸೇರಿತು.