ಪಾಯ ತೋಡುವ ಮುಂಚೆ ಉಬ್ಬರದ ಗೆರೆ ನೋಡಿ

ಮುರ್ಡೇಶ್ವರದ ಹತ್ತಿರ ಒಂದು ಸ್ವಸಹಾಯ ಸಂಘದ ಸಭೆಯಲ್ಲಿ, ಮೀನು ಒಣಗಿಸಿ ಮಾರುವ ತಾಯಿಯೊಬ್ಬರು ಕೇಳಿದರು: "ಸಿಸ್ಟರ್, ನಾವು ಎರಡು ಕೋಣೆ ಕಟ್ಟೂಕೆ ಹೋದ್ರೆ ಸಿಆರ್‌ಝಡ್ ಅಂತ್ರು. ಸಮುದ್ರದ ಬದಿಗೇ ಲಾಡ್ಜ್ ಏಳ್ತದೆ, ಅದ್ಕೆ ಇಲ್ವಾ?" ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ನಿಯಮ ಓದಿದ ಮೇಲೆ ಗೊತ್ತಾಯಿತು, ಇಬ್ಬರಿಗೂ ಇದೆ. ಆದರೆ ಅರ್ಜಿ ಹೋಗುವ ಕಚೇರಿ ಬೇರೆ.

ಪರಿಸರ ಅನುಮತಿ ಎಂದರೆ ನಮಗೆ ನೆನಪಾಗುವುದು ದೊಡ್ಡ ಅಹವಾಲು ಸಭೆ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಗೇರುಸೊಪ್ಪೆಯಲ್ಲಿ ನಡೆಯಿತಲ್ಲ, ಅಂಥದ್ದು. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಇದು ಬರುತ್ತದೆ. ಆದರೆ ಕಟ್ಟಡಗಳಿಗೆ ಅದು ತಾಗುವುದು 20,000 ಚದರ ಮೀಟರ್ ಮುಟ್ಟಿದರೆ ಮಾತ್ರ. ಆಗಲೂ ಕಟ್ಟಡಕ್ಕೆ ಅಹವಾಲು ಸಭೆ ಇಲ್ಲ. ಸಾಮಾನ್ಯ ಮನೆ, ಲಾಡ್ಜಿನ ಮಟ್ಟಿಗೆ ನಮಗೆ ಉಳಿಯುವುದು ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್.

ಇದು ಮೊದಲು 1991ರಲ್ಲಿ ಬಂತು, 2011ರಲ್ಲಿ ಬದಲಾಯಿತು, ಮತ್ತೆ 2019ರ ಜನವರಿ 18ರಂದು. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ವರೆಗಿನ ಭೂಮಿ ಇದರೊಳಗೆ ಬರುತ್ತದೆ. ಉಪ್ಪುನೀರು ಏರುವ ಹೊಳೆಯ ದಂಡೆಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಹಳ್ಳಿ ಪ್ರದೇಶದಲ್ಲಿ ಜನಸಂಖ್ಯೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿದ್ದರೆ ಮೊದಲ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಹೊಸ ಕಟ್ಟಡ ನಿಷೇಧ. ಆದರೂ ಮೀನು ಒಣಗಿಸುವ ಜಾಗ, ಬಲೆ ರಿಪೇರಿ ಶೆಡ್ಡು, ಹರಾಜು ಕಟ್ಟೆಗೆ ಈ ಪಟ್ಟಿಯೊಳಗೂ ಅವಕಾಶವಿದೆ. ಯಾರಾದರೂ "ಸಿಆರ್‌ಝಡ್ ಉಂಟು, ಜಾಗ ಬಿಡಿ" ಅಂದರೆ ಇದನ್ನು ತೋರಿಸಿ.

ಇನ್ನು ಮುಖ್ಯ ವಿಷಯ. ಸ್ವಂತ ವಾಸದ ಮನೆ, 300 ಚದರ ಮೀಟರ್ ಒಳಗಿದ್ದರೆ, ಅನುಮತಿ ಕೊಡುವುದು ಸ್ಥಳೀಯ ಸಂಸ್ಥೆಯೇ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯತಿ. ಕೊಡುವ ಮುಂಚೆ ಸಿಆರ್‌ಝಡ್ ದೃಷ್ಟಿಯಿಂದ ಪರಿಶೀಲಿಸಬೇಕು ಎಂದು ಅಧಿಸೂಚನೆಯಲ್ಲೇ ಬರೆದಿದೆ. ಪರಿಶೀಲನೆ ಎಂದರೆ ನಕ್ಷೆ ಬಿಡಿಸಿ ಸರ್ವೆ ನಂಬರು ನೋಡುವುದು, ಕೈಯಾಡಿಸಿ "ಆಗೂದಿಲ್ಲ" ಅನ್ನುವುದಲ್ಲ. ಬಾಯಿಮಾತಿನ ಮೇಲೆ ಅಪೀಲು ಹೋಗಲಿಕ್ಕೂ ಬರುವುದಿಲ್ಲ! ಲಿಖಿತ ಅರ್ಜಿ ಕೊಡಿ, ನಕಲಿಗೆ ಸೀಲು ಹಾಕಿಸಿಕೊಳ್ಳಿ.

ಲಾಡ್ಜು, ರೆಸಾರ್ಟಿನ ಅರ್ಜಿ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಹೋಗಬೇಕು. ಎನ್.ಎ. ಆಗಿದೆ ಅಂದರೆ ಮುಗಿಯಿತು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು 1964ರ ಭೂಕಂದಾಯ ಕಾಯ್ದೆಯ ಭೂಪರಿವರ್ತನೆ, ಸಿಆರ್‌ಝಡ್ ಅನುಮತಿ ಅಲ್ಲ. ಪಕ್ಕದ ಕಟ್ಟಡಕ್ಕೆ ಅನುಮತಿ ಇದೆಯೋ ಇಲ್ಲವೋ ತಿಳಿಯಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿ ಸ್ಥಳೀಯ ಕರಾವಳಿ ಸಮುದಾಯದ ಕನಿಷ್ಠ ಮೂವರು ಇರಬೇಕು. ನಿಮ್ಮ ಕಡೆಯಿಂದ ಯಾರಿದ್ದಾರೆ, ಕೇಳಿದ್ದೀರಾ?

ಆ ತಾಯಿಯ ಮನೆ ನಿಷೇಧದ ಪಟ್ಟಿಯೊಳಗೇ ಇತ್ತು. ಹೊಸ ಕೋಣೆ ಸೇರಿಸಲು ಆಗಲಿಲ್ಲ. ಆದರೆ ಮೊದಲೇ ಅನುಮತಿ ಇದ್ದ ಮನೆಯನ್ನು, ಪಾಯ ಹಿಗ್ಗಿಸದೆ, ಮತ್ತೆ ಕಟ್ಟಲು ನಿಯಮ ಬಿಡುತ್ತದೆ. ಅದಕ್ಕೆ ಹಳೆಯ ಕಾಗದ ಬೇಕಿತ್ತು. ಎರಡು ದಿನ ಹುಡುಕಿದರು. ಅತ್ತೆಯ ಹೆಸರಿನ ಪರವಾನಿಗೆ, ತೆರಿಗೆ ರಸೀದಿ ಎಲ್ಲ ಅಕ್ಕಿ ಡಬ್ಬಿಯ ಅಡಿಗೆ ಸಿಕ್ಕವು.